ಬಲ್ಲವರು ಸೋಲುವುದೇಕೆ?

ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ಪ್ರತಿಯೊಂದು ಕಾಲೇಜಿನಲ್ಲಿಯೂ ಒಂದು ವಿಚಿತ್ರವನ್ನು ಕಾಣಬಹುದು. ತರಗತಿಯಲ್ಲಿ ಪಾಠವನ್ನು ಚೆನ್ನಾಗಿ ಗ್ರಹಿಸುತ್ತಿದ್ದ, ಕೇಳಿದ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳುತ್ತಿದ್ದ, ರಾತ್ರಿಯೆಲ್ಲ ಕುಳಿತು ಓದಿದ ವಿದ್ಯಾರ್ಥಿಯೊಬ್ಬ ನಿರೀಕ್ಷೆಗಿಂತ ಬಹಳ ಕಡಿಮೆ ಅಂಕಗಳನ್ನು ಪಡೆದಿರುತ್ತಾನೆ. ಮನೆಯ ಹಿರಿಯರು ಗ್ರಹಚಾರವೆನ್ನುತ್ತಾರೆ; ನೆರೆಯವರು ಸೋಮಾರಿತನವೆನ್ನುತ್ತಾರೆ. ವಿದ್ಯಾರ್ಥಿಯೋ ತನಗೆ ಬುದ್ಧಿಯೇ ಸಾಲದೆಂದು ನಿಶ್ಚಯಿಸಿ, ವಿಜ್ಞಾನದ ವ್ಯಾಸಂಗಕ್ಕೇ ಕೈಮುಗಿದುಬಿಡುವುದುಂಟು. ಈ ಮೂರು ತೀರ್ಪುಗಳೂ ಅವಸರದವು.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಬಳಸಿದವರಿಗೆಲ್ಲ ಒಂದು ವಿಷಯ ತಿಳಿದಿದೆ. ತಂತಿಯ ದಪ್ಪವನ್ನು ಅಳೆಯುವ ಮೊದಲು ಉಪಕರಣದ ಎರಡು ಮುಖಗಳನ್ನು ಕೂಡಿಸಿ, ಅದು ಸೊನ್ನೆಯನ್ನು ತೋರಿಸುವುದೇ ಎಂದು ನೋಡಬೇಕು. ತೋರಿಸದಿದ್ದರೆ ಅದರಲ್ಲಿ ಶೂನ್ಯದೋಷವಿದೆ. ಅದನ್ನು ಗಮನಿಸದೆ ಎಷ್ಟು ಬಾರಿ ಅಳೆದರೂ ಉತ್ತರ ತಪ್ಪಾಗಿಯೇ ಬರುತ್ತದೆ. ಸಮರ್ಥ ವಿದ್ಯಾರ್ಥಿಗಳ ಸೋಲಿಗೆ ಅನೇಕ ವೇಳೆ ಇಂಥದೇ ದೋಷ ಕಾರಣ. ತಮಗೆ ಎಷ್ಟು ಬರುತ್ತದೆ ಎಂಬುದನ್ನು ಅವರು ಅಳೆದುಕೊಳ್ಳುವ ಮಾಪಕವೇ ಸರಿಯಾಗಿರುವುದಿಲ್ಲ.

ಗುರುತು ಮತ್ತು ನೆನಪು

ಪಾಠವನ್ನು ಮೂರನೆಯ ಸಲ ಓದುವಾಗ ಪ್ರತಿಯೊಂದು ಸಾಲೂ ಪರಿಚಿತವಾಗಿ ಕಾಣುತ್ತದೆ. ‘ಇದು ನನಗೆ ಗೊತ್ತು’ ಎಂದು ಮನಸ್ಸು ಹೇಳುತ್ತದೆ. ಆದರೆ ಅಲ್ಲಿ ನಡೆದಿರುವುದು ಗುರುತಿಸುವ ಕೆಲಸ ಮಾತ್ರ. ಬೀದಿಯಲ್ಲಿ ಎದುರಾದವರ ಮುಖವನ್ನು ಗುರುತಿಸುವುದು ಸುಲಭ. ಅವರ ಹೆಸರನ್ನು ನೆನಪಿಗೆ ತಂದುಕೊಳ್ಳುವುದು ಕಷ್ಟ. ಪರೀಕ್ಷೆಯು ನಮ್ಮನ್ನು ಕೇಳುವುದು ಹೆಸರನ್ನು.

ಈ ವ್ಯತ್ಯಾಸವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ಪಷ್ಟವಾಗಿ ತೋರಿಸುತ್ತದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪಿನವರು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪಠ್ಯವನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದಿದವರದೇ ಮೇಲುಗೈ: ಅವರಿಗೆ ಶೇಕಡ 83, ಬರೆದವರಿಗೆ 71. ಆದರೆ ಒಂದು ವಾರ ಕಳೆದ ಮೇಲೆ ಓದಿದವರಲ್ಲಿ ಶೇಕಡ 40ರಷ್ಟು ಉಳಿದಿದ್ದರೆ, ಬರೆದವರಲ್ಲಿ 61ರಷ್ಟು ಉಳಿದಿತ್ತು. ಇನ್ನೂ ಕುತೂಹಲದ ಸಂಗತಿಯೊಂದಿದೆ. ಚೆನ್ನಾಗಿ ನೆನಪಿರುವುದೆಂಬ ಭರವಸೆ ಹೆಚ್ಚಾಗಿದ್ದುದು ನಾಲ್ಕೂ ಅವಧಿಗಳಲ್ಲಿ ಓದಿದವರಲ್ಲಿಯೇ! ಶೂನ್ಯದೋಷವೆಂದರೆ ಇದೇ.

ತಲೆಬರಹವೆಂಬ ಊರುಗೋಲು

ಲೆಕ್ಕಗಳ ವಿಷಯದಲ್ಲಿ ಮತ್ತೊಂದು ಬಗೆಯ ಮೋಸವುಂಟು. ‘ಶಕ್ತಿಯ ಸಂರಕ್ಷಣೆ’ ಎಂಬ ಅಧ್ಯಾಯದ ಕೊನೆಯ ಲೆಕ್ಕಗಳಿಗೆಲ್ಲ ಯಾವ ನಿಯಮ ಬೇಕೆಂಬುದನ್ನು ತಲೆಬರಹವೇ ಹೇಳಿಬಿಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ತಲೆಬರಹವಿರುವುದಿಲ್ಲ. ನುಣುಪಾದ ಇಳಿಜಾರಿನಲ್ಲಿ ಒಂದು ಕಾಯವು ಜಾರುತ್ತಿದೆ ಎಂದುಕೊಳ್ಳೋಣ. ತಳವನ್ನು ಮುಟ್ಟಿದಾಗ ಅದರ ವೇಗವೆಷ್ಟೆಂದು ಕೇಳಿದರೆ ಶಕ್ತಿಯ ಸಂರಕ್ಷಣೆಯಿಂದ ಎರಡೇ ಸಾಲಿನಲ್ಲಿ ಉತ್ತರ ದೊರೆಯುತ್ತದೆ. ತಳವನ್ನು ಮುಟ್ಟಲು ಹಿಡಿಯುವ ಕಾಲವೆಷ್ಟೆಂದು ಕೇಳಿದರೆ ನ್ಯೂಟನ್ನನ ನಿಯಮದಿಂದ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕಾಗುತ್ತದೆ. ಚಿತ್ರ ಒಂದೇ, ದಾರಿ ಬೇರೆ. ದಾರಿಯನ್ನು ಆರಿಸುವ ಅಭ್ಯಾಸವೇ ಇಲ್ಲದವರು ಎರಡನ್ನೂ ಬಲ್ಲವರಾಗಿದ್ದರೂ ತಬ್ಬಿಬ್ಬಾಗುತ್ತಾರೆ.

ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರವನ್ನು ಕುರಿತ ಲೆಕ್ಕಗಳನ್ನು ಕೊಟ್ಟು ಇದನ್ನು ಪರೀಕ್ಷಿಸಿದರು. ಒಂದೊಂದು ಬಗೆಯ ಲೆಕ್ಕಗಳನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ವೇಳೆಯಲ್ಲಿ ಶೇಕಡ 89 ಅಂಕ ಗಳಿಸಿದರು. ಎಲ್ಲ ಬಗೆಗಳನ್ನೂ ಬೆರೆಸಿ ಮಾಡಿದವರು ಗಳಿಸಿದ್ದು 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲನೆಯವರು 20ಕ್ಕೆ ಇಳಿದರು. ಎರಡನೆಯವರು 63ರಲ್ಲಿ ನಿಂತರು.

ಅಂಜಿಕೆಯ ಪಾಲು

ಲೆಕ್ಕವನ್ನು ಬಿಡಿಸುವಾಗ ದತ್ತಾಂಶ, ಸೂತ್ರ, ಮಧ್ಯದ ಉತ್ತರ ಇವೆಲ್ಲವನ್ನೂ ನಾವು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವೆ. ಈ ತಾತ್ಕಾಲಿಕ ಸ್ಮೃತಿಯು ಒಂದು ಚಿಕ್ಕ ಮೇಜಿನಂತೆ. ಅದರ ಮೇಲೆ ಹಿಡಿಸುವುದು ಕೆಲವೇ ವಸ್ತುಗಳು. ‘ಫೇಲಾದರೆ ಗತಿಯೇನು?’ ಎಂಬ ಚಿಂತೆ ಬಂದು ಕುಳಿತರೆ ಆ ಮೇಜಿನ ಅರ್ಧವನ್ನು ಅದೇ ಆಕ್ರಮಿಸುತ್ತದೆ. ಈ ಸ್ಮೃತಿ ಹೆಚ್ಚಾಗಿರುವವರೇ ಒತ್ತಡಕ್ಕೆ ಸಿಕ್ಕಾಗ ಕಠಿಣ ಲೆಕ್ಕಗಳಲ್ಲಿ ಹೆಚ್ಚು ಎಡವುತ್ತಾರೆಂದು ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2005ರಲ್ಲಿ ತೋರಿಸಿದರು. ಅವರು ನೆಚ್ಚಿಕೊಂಡ ಬಲವನ್ನೇ ಅಂಜಿಕೆ ಕಸಿದುಕೊಳ್ಳುತ್ತದೆ.

ಏನು ಮಾಡಬೇಕು?

ಒಂದು ಅಧ್ಯಾಯವನ್ನು ಓದಿದೊಡನೆ ಪುಸ್ತಕವನ್ನು ಮುಚ್ಚಿ, ಬಿಳಿಯ ಹಾಳೆಯ ಮೇಲೆ ನೆನಪಿದ್ದುದನ್ನು ಬರೆಯಿರಿ. ಅನಂತರ ತೆರೆದು ತಿದ್ದಿಕೊಳ್ಳಿ. ಎರಡು ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಅದನ್ನೇ ಮಾಡಿ. ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಕೈಗೆ ಬಂದುದನ್ನು ಬಿಡಿಸಿ. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರವನ್ನು ಎದುರಿಗಿಟ್ಟುಕೊಂಡು ಪೂರ್ತಿಯಾಗಿ ಉತ್ತರಿಸಿದರೆ ಪರೀಕ್ಷಾ ಮಂದಿರವು ಅಪರಿಚಿತವೆನಿಸದು. ಅಲ್ಲಿ ಕುಳಿತಾಗ ದತ್ತಾಂಶವನ್ನೂ ಸೂತ್ರವನ್ನೂ ಮೊದಲು ಕಾಗದಕ್ಕೆ ಇಳಿಸಿರಿ. ಮನಸ್ಸಿನ ಮೇಜು ಅಷ್ಟರಮಟ್ಟಿಗೆ ತೆರವಾಗುತ್ತದೆ. ಹಿಂದಿನ ರಾತ್ರಿಯ ನಿದ್ರೆಯನ್ನು ಓದಿಗಾಗಿ ಬಲಿಗೊಡಬೇಡಿ.

ಅಧ್ಯಾಪಕರು ಪಾಠದ ಆರಂಭದಲ್ಲಿ ಐದು ನಿಮಿಷಗಳ, ಅಂಕಗಳಿಲ್ಲದ ಕಿರುಪರೀಕ್ಷೆಯನ್ನು ನಡೆಸುವುದು ಕಷ್ಟವಲ್ಲ. ತಂದೆತಾಯಿಗಳು ಪಕ್ಕದ ಮನೆಯ ಮಕ್ಕಳ ಅಂಕಗಳ ಪ್ರಸ್ತಾಪವನ್ನು ಬಿಟ್ಟರೆ ಅದೇ ದೊಡ್ಡ ಉಪಕಾರ.

ಈ ವಿಧಾನದಲ್ಲಿ ಮೊದಮೊದಲು ತಪ್ಪುಗಳು ಹೆಚ್ಚು, ಬೇಸರವೂ ಹೆಚ್ಚು. ಅದಕ್ಕಾಗಿ ಎದೆಗುಂದಬೇಕಾಗಿಲ್ಲ. ಶೂನ್ಯದೋಷವಿರುವ ಸ್ಕ್ರೂಗೇಜನ್ನು ಯಾರೂ ಬಿಸಾಡುವುದಿಲ್ಲ. ದೋಷವೆಷ್ಟೆಂದು ಗೊತ್ತುಮಾಡಿಕೊಂಡು, ಅದನ್ನು ಕೂಡಿಸಿ ಕಳೆದು, ಕೆಲಸವನ್ನು ಮುಂದುವರಿಸುತ್ತಾರೆ.