ಪಿಟ್ಯುಟರಿ ಗಡ್ಡೆ ಕಸಿದ ನೋಟ, ಮರಳುವ ನೋಟ

ಪಿಟ್ಯುಟರಿ ಗ್ರಂಥಿ ಬಟಾಣಿ ಕಾಳಿನಷ್ಟೇ ದೊಡ್ಡದು. ತೂಕ ಸುಮಾರು ಅರ್ಧ ಗ್ರಾಂ. ತಲೆಬುರುಡೆಯ ತಳದಲ್ಲಿ, ಕುದುರೆಯ ಜೀನಿನಂತೆ ತಗ್ಗಾದ ಮೂಳೆಯ ಗುಂಡಿಯೊಂದರಲ್ಲಿ ಅದರ ವಾಸ. ಅಲ್ಲಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಎರಡೂ ಕಣ್ಣುಗಳ ನರಗಳು ಸೇರುವ ಕಯಾಸ್ಮ ಇದೆ. ಗ್ರಂಥಿಯಲ್ಲಿ ಏಳುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೂ ದೊಡ್ಡದಾಗುತ್ತಾ ಮೇಲಕ್ಕೆ ಉಬ್ಬಿದರೆ ಕಯಾಸ್ಮವನ್ನು ಕೆಳಗಿನಿಂದ ಒತ್ತುತ್ತವೆ.

ಕಯಾಸ್ಮದ ನಡುವೆ ಅಡ್ಡ ಹಾಯುವುದು ಪ್ರತಿ ಕಣ್ಣಿನ ಅಕ್ಷಿಪಟದಲ್ಲಿ ಮೂಗಿನ ಕಡೆಯ ಅರ್ಧದಿಂದ ಬಂದ ಎಳೆಗಳು. ಹೊರಪಕ್ಕದ ದೃಶ್ಯವನ್ನು ಹೊತ್ತು ತರುವವು ಇವೇ. ಆದ್ದರಿಂದ ರೋಗಿಗೆ ಎದುರಿನದು ಕಾಣುತ್ತದೆ, ಎಡಬಲದ ಅಂಚುಗಳು ಅಳಿಸಿಹೋಗುತ್ತವೆ. ಜಟಕಾ ಕುದುರೆಗೆ ಕಣ್ಣಪಟ್ಟಿ ಕಟ್ಟಿದಂತೆ. ಸಾಮಾನ್ಯವಾಗಿ ಮೊದಲು ಹೋಗುವುದು ಹೊರಪಕ್ಕದ ಮೇಲ್ಭಾಗ. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತದೆ, ಪಕ್ಕದಿಂದ ಬಂದ ಸ್ಕೂಟರ್ ಹತ್ತಿರವಾಗುವ ತನಕ ಕಾಣುವುದಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ಮಾತ್ರ ಸರಾಗವಾಗಿ ಓದಬಹುದು. ಹಾಗಾಗಿ ಕನ್ನಡಕ ಬದಲಿಸುವುದರಲ್ಲೇ ತಿಂಗಳುಗಳು ಕಳೆದುಬಿಡುತ್ತವೆ. ದೃಷ್ಟಿಕ್ಷೇತ್ರ ಪರೀಕ್ಷೆ ಮತ್ತು ಎಂಆರ್‌ಐ ಕಾರಣವನ್ನು ತೋರಿಸಿಕೊಡುತ್ತವೆ.

ಈ ಗಡ್ಡೆಯನ್ನು ಮೂಗಿನ ದಾರಿಯಲ್ಲಿ ತಲುಪಬಹುದು ಎಂದು 1907ರಲ್ಲಿ ಆಸ್ಟ್ರಿಯದ ಹರ್ಮನ್ ಶ್ಲಾಫರ್ ತೋರಿಸಿದರು. ಅಮೆರಿಕದ ಹಾರ್ವೆ ಕುಶಿಂಗ್ ಅದನ್ನು ಪಳಗಿಸಿ, ಕೊನೆಗೆ ತಾವೇ ಕೈಬಿಟ್ಟು ತಲೆಬುರುಡೆ ತೆರೆಯುವ ದಾರಿಗೆ ಹೊರಳಿದರು. ಹೆಚ್ಚಿನವರು ಅವರನ್ನೇ ಅನುಸರಿಸಿದರು. ಕುಶಿಂಗ್ ಬಳಿ ಕಲಿತ ಎಡಿನ್‌ಬರೋದ ನಾರ್ಮನ್ ಡಾಟ್ ಆದರೋ ಹಳೆಯ ದಾರಿ ಬಿಡಲಿಲ್ಲ. ಡಾಟ್‌ರಿಂದ ಪ್ಯಾರಿಸ್ಸಿನ ಜೆರಾರ್ ಗಿಯೋ ಕಲಿತರು, ಗಿಯೋರಿಂದ ಮಾಂಟ್ರಿಯಲ್‌ನ ಜೂಲ್ ಹಾರ್ಡಿ. 1960ರ ದಶಕದಲ್ಲಿ ಹಾರ್ಡಿ ಅದಕ್ಕೆ ಸೂಕ್ಷ್ಮದರ್ಶಕವನ್ನು ಜೋಡಿಸಿದರು. ಇಂದು ಎಂಡೋಸ್ಕೋಪ್ ಬಳಸಿ ಮಾಡುವ ಶಸ್ತ್ರಚಿಕಿತ್ಸೆ ಉಳಿದುಬಂದದ್ದು ಈ ಗುರುಶಿಷ್ಯ ಪರಂಪರೆಯಿಂದ. ಪ್ರೊಲ್ಯಾಕ್ಟಿನ್ ಹಾರ್ಮೋನು ಸುರಿಸುವ ಗಡ್ಡೆಗಳಿಗಾದರೆ ಬಹಳಷ್ಟು ಸಲ ಚಾಕುವೇ ಬೇಡ: ಕ್ಯಾಬರ್ಗೋಲಿನ್ ಮಾತ್ರೆಗೇ ಅವು ಕುಗ್ಗುತ್ತವೆ.

ಒತ್ತಡ ತಗ್ಗಿದ ಮೇಲೆ ನೋಟ ಹಂತಹಂತವಾಗಿ ಮರಳುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ಕಣ್ಣು ತಿಳಿಯಾಗುತ್ತದೆ. ಒತ್ತಿಗೆ ಸಿಕ್ಕು ಸುಮ್ಮನಾಗಿದ್ದ ಎಳೆಗಳಲ್ಲಿ ಸಂಕೇತ ಮತ್ತೆ ಹರಿಯುವುದರ ಫಲ ಇದು. ಮುಂದಿನ ವಾರ, ತಿಂಗಳುಗಳ ಸುಧಾರಣೆಗೆ ಎಳೆಗಳ ಮೈಲಿನ್ ಹೊದಿಕೆ ಮತ್ತೆ ಬೆಳೆಯುವುದು ಕಾರಣವೆಂದು ಭಾವಿಸಲಾಗಿದೆ. ನಿಧಾನದ ಚೇತರಿಕೆ ವರ್ಷ ದಾಟಿಯೂ ಮುಂದುವರಿಯಬಹುದು. ಆದರೆ ಸತ್ತ ಎಳೆ ಮರಳಿ ಚಿಗುರುವುದಿಲ್ಲ. ಎಷ್ಟು ಉಳಿದಿವೆ ಎಂಬ ಅಂದಾಜು ಒಸಿಟಿ ಸ್ಕ್ಯಾನ್‌ನಲ್ಲಿ ಸಿಗುತ್ತದೆ: ಅಕ್ಷಿಪಟದ ನರದೆಳೆಗಳ ಪದರ ದಪ್ಪಗಿದ್ದರೆ ಒಳ್ಳೆಯ ಸೂಚನೆ, ತೆಳುವಾಗಿದ್ದರೆ ಪೂರ್ತಿ ಗುಣದ ಸಾಧ್ಯತೆ ಕಡಿಮೆ. ಗಡ್ಡೆಯೊಳಗೆ ಥಟ್ಟನೆ ರಕ್ತ ಸುರಿದು, ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾದರೆ ಕಾಯುವಂತಿಲ್ಲ. ಅದೇ ದಿನ ಆಸ್ಪತ್ರೆ ಸೇರಬೇಕು.