ನೀಲನಕ್ಷೆಯಲ್ಲೇ ಪ್ರಾಣಿಗೂ ದಾರಿ

ಹೊಸ ರಸ್ತೆಗೆ ಸರ್ವೆ ಮಾಡುವಾಗ ಹಳ್ಳ ಅಡ್ಡ ಬಂದರೆ ಎಂಜಿನಿಯರು ಮೋರಿ ಗುರುತು ಹಾಕುತ್ತಾರೆ. ಹೊಳೆ ಬಂದರೆ ಸೇತುವೆ, ರೈಲು ಹಳಿ ಬಂದರೆ ಮೇಲ್ಸೇತುವೆ. ನೀರಿಗೆ, ರೈಲಿಗೆ ದಾರಿ ಬಿಡದೆ ರಸ್ತೆ ಕಟ್ಟುವ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಜಿಂಕೆಯೋ ಕರಡಿಯೋ ತಲೆಮಾರುಗಳಿಂದ ನಡೆದು ಸವೆಸಿದ ಜಾಡು ಅಡ್ಡ ಬಂದರೆ? ಹೆಚ್ಚಿನ ಕಡೆ ಅದು ರಸ್ತೆ ಇಲಾಖೆಯ ತಲೆನೋವೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಒಂದು ಕಾನೂನು ತಂದು, ಅದು ರಸ್ತೆ ಇಲಾಖೆಯದೇ ಕೆಲಸ ಎಂದು ಹೇಳಿತು.

ಆ ಕಾನೂನಿನ ಹೆಸರು 'ಸುರಕ್ಷಿತ ರಸ್ತೆಗಳು ಮತ್ತು ವನ್ಯಜೀವಿ ರಕ್ಷಣಾ ಕಾಯ್ದೆ'. ಶಾಸನಸಭೆಯ ಕಡತದಲ್ಲಿ ಎಬಿ 2344. ಸದಸ್ಯೆ ಲಾರಾ ಫ್ರೀಡ್‌ಮನ್ ಮಂಡಿಸಿದ ಈ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ 2022ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರು. ಇದರ ಪ್ರಕಾರ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್, ಮೀನುಗಾರಿಕೆ ಮತ್ತು ವನ್ಯಜೀವಿ ಇಲಾಖೆಯೊಂದಿಗೆ ಕೂತು, ಹೆದ್ದಾರಿಗಳು ಪ್ರಾಣಿಗಳ ಓಡಾಟಕ್ಕೆ ಎಲ್ಲೆಲ್ಲಿ ಗೋಡೆಯಾಗಿವೆ ಎಂಬ ಪಟ್ಟಿಯನ್ನು 2024ರ ಜುಲೈ ಒಳಗೆ ಮಾಡಬೇಕಿತ್ತು. ಅಂಥ ಪ್ರದೇಶದಲ್ಲಿ ಹೆದ್ದಾರಿಗೆ ಹೊಸ ಲೇನ್ ಸೇರಿಸುವ ಯೋಜನೆ ಬಂದರೆ ಪ್ರಾಣಿಗಳ ಸಂಚಾರಕ್ಕೆ ಆಗುವ ಅಡ್ಡಿಯನ್ನು ಮೊದಲೇ ಅಳೆಯಬೇಕು, ಪರಿಹಾರವನ್ನು ಯೋಜನೆಯೊಳಗೇ ಸೇರಿಸಬೇಕು.

ಕಾಯ್ದೆಯ ಜೀವಾಳವೆಂದರೆ ಆ 'ಮೊದಲೇ' ಎಂಬ ಮಾತು. ರಸ್ತೆ ಮುಗಿದ ಮೇಲೆ, ಹತ್ತಾರು ಪ್ರಾಣಿಗಳು ಸತ್ತ ಮೇಲೆ, ಯಾರೋ ಅರ್ಜಿ ಹಿಡಿದು ಕಚೇರಿ ಸುತ್ತಿದ ಮೇಲೆ ಹುಡುಕುವ ಪರಿಹಾರಕ್ಕೆ ಖರ್ಚೂ ಹೆಚ್ಚು, ಫಲವೂ ಕಡಿಮೆ. ಮಣ್ಣು ತೋಡುವ ಮುನ್ನವೇ ಲೆಕ್ಕದಲ್ಲಿದ್ದರೆ ಅಂಡರ್‌ಪಾಸ್ ಎಂಬುದು ರಸ್ತೆಯ ಒಟ್ಟು ಖರ್ಚಿನಲ್ಲಿ ಒಂದು ಬಾಬ್ತು ಅಷ್ಟೆ.

ಕ್ಯಾಲಿಫೋರ್ನಿಯಾದ ಜನರಿಗೆ ಇದನ್ನು ಮನದಟ್ಟು ಮಾಡಿದ್ದು ಪಿ-22 ಎಂಬ ಗಂಡು ಪೂಮಾ. ಚಿರತೆ ಗಾತ್ರದ ಈ ಕಾಡುಬೆಕ್ಕಿನ ಜಾತಿ ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಮೋನಿಕಾ ಬೆಟ್ಟಗಳಲ್ಲಿ ವಾಸಿಸುತ್ತದೆ. ರಾಷ್ಟ್ರೀಯ ಉದ್ಯಾನ ಸೇವೆಯ ವಿಜ್ಞಾನಿಗಳು 2002ರಿಂದ ಇವುಗಳಿಗೆ ಕೊರಳಪಟ್ಟಿ ತೊಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಅಧ್ಯಯನ ಮಾಡುತ್ತಿದ್ದಾರೆ. 2012ರಲ್ಲಿ ಹಾಲಿವುಡ್ ಫಲಕದ ಬೆಟ್ಟವಿರುವ ಗ್ರಿಫಿತ್ ಪಾರ್ಕ್‌ನ ಕ್ಯಾಮೆರಾದಲ್ಲಿ ಪಿ-22 ಕಾಣಿಸಿಕೊಂಡಾಗ ಅವರಿಗೇ ಅಚ್ಚರಿ. ಅಲ್ಲಿಗೆ ಬರಬೇಕಾದರೆ ಅದು 405 ಮತ್ತು 101 ಎಂಬ ಎರಡು ದೈತ್ಯ ಫ್ರೀವೇಗಳನ್ನು ದಾಟಿರಬೇಕು. ದಾಟಿ ಬಂದದ್ದೇನೋ ಸರಿ, ಮರಳಲು ಆಗಲಿಲ್ಲ. ಗಂಡು ಪೂಮಾಕ್ಕೆ ಬೇಕಾದ ನೆಲದಲ್ಲಿ ಸಣ್ಣ ಚೂರಿನಷ್ಟೇ ಇರುವ ಆ ಪಾರ್ಕಿನಲ್ಲಿ ಅದು ಸುಮಾರು ಹತ್ತು ವರ್ಷ ಸಂಗಾತಿಯಿಲ್ಲದೆ ಬದುಕಿತು. ಕೊನೆಗೆ ವಾಹನ ಬಡಿದ ಗಾಯ ಮತ್ತು ಹಳೆಯ ಕಾಯಿಲೆಗಳಿಂದ ಜರ್ಜರಿತವಾಗಿದ್ದ ಅದಕ್ಕೆ 2022ರ ಡಿಸೆಂಬರ್‌ನಲ್ಲಿ ದಯಾಮರಣ ಕೊಡಬೇಕಾಯಿತು. ಕಾಯ್ದೆಗೆ ಸಹಿ ಬಿದ್ದು ಮೂರು ತಿಂಗಳೂ ಆಗಿರಲಿಲ್ಲ.

ಪಿ-22ರ ಒಂಟಿತನಕ್ಕೆ ಜನ ಮರುಗಿದರು. ವಿಜ್ಞಾನಿಗಳ ಆತಂಕ ಇನ್ನೂ ದೊಡ್ಡದು. ಫ್ರೀವೇಗಳ ನಡುವೆ ಸಿಕ್ಕಿಕೊಂಡ ಪೂಮಾಗಳು ತಮ್ಮ ರಕ್ತಸಂಬಂಧದೊಳಗೇ ಕೂಡುತ್ತಿವೆ. 2020ರಲ್ಲಿ ಬಾಲ ಸೊಟ್ಟಗಾದ ಪೂಮಾ ಸಿಕ್ಕಿತು. ಒಳಸಂತಾನದ ದೋಷ ಮೈಮೇಲೆ ಕಾಣಿಸತೊಡಗಿದ ಗುರುತು ಅದು. ವಾಹನ ಬಡಿದು ಒಂದು ಪ್ರಾಣಿ ಸತ್ತರೆ ಕಣ್ಣಿಗೆ ಕಾಣುತ್ತದೆ. ಹೊಸ ರಕ್ತ ಬಾರದೆ ಒಂದು ಸಂತತಿಯೇ ಕ್ಷೀಣಿಸುವುದು ಸುಲಭಕ್ಕೆ ಕಾಣುವುದಿಲ್ಲ.

ಅದಕ್ಕೇ ಈಗ ಅಗೋರಾ ಹಿಲ್ಸ್ ಊರಿನ ಬಳಿ, ಲಿಬರ್ಟಿ ಕ್ಯಾನ್ಯನ್‌ನಲ್ಲಿ, 101 ಫ್ರೀವೇ ಮೇಲೆ ಒಂದು ಪ್ರಾಣಿಸೇತುವೆ ಕಟ್ಟಲಾಗುತ್ತಿದೆ. ಕೆಳಗೆ ಹತ್ತು ಲೇನ್‌ಗಳು, ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ವಾಹನಗಳು. ಮೇಲೆ ಸುಮಾರು 64 ಮೀಟರ್ ಉದ್ದ, 53 ಮೀಟರ್ ಅಗಲದ ನೆಲ. ವಾಲಿಸ್ ಆನ್ನೆನ್‌ಬರ್ಗ್ ಹೆಸರಿನ ಈ ಸೇತುವೆಗೆ 2022ರ ಏಪ್ರಿಲ್ 22ರಂದು, ಭೂಮಿ ದಿನದಂದು, ಗುದ್ದಲಿಪೂಜೆಯಾಯಿತು. ಸರ್ಕಾರದ ಹಣದ ಜೊತೆ ದಾನಿಗಳ ದೇಣಿಗೆಯೂ ಸೇರಿದೆ. 2025ರಲ್ಲಿ ಸೇತುವೆಯ ಮೇಲೆ ಮಣ್ಣು ಹರಡುವ ಕೆಲಸ ಆರಂಭವಾಯಿತು. ಅಲ್ಲಿ ನೆಡುವುದು ಆ ಬೆಟ್ಟದ್ದೇ ಗಿಡಗಳನ್ನು. ವಾಹನಗಳ ಸದ್ದು, ಹೆಡ್‌ಲೈಟ್ ಬೆಳಕು ಮೇಲಕ್ಕೆ ತಾಕದಂತೆ ಅಂಚಿಗೆ ತಡೆಗೋಡೆ. ಪ್ರಾಣಿಗೆ ತಾನು ಸೇತುವೆ ಮೇಲಿದ್ದೇನೆ ಅನ್ನಿಸಲೇಬಾರದು.

ಇಷ್ಟೆಲ್ಲ ಖರ್ಚು ಪ್ರಾಣಿಗಳಿಗಾಗಿ ಮಾತ್ರವೇ ಎಂದು ಕೇಳುವವರಿಗೆ ಅಮೆರಿಕದ ಸಂಸತ್ತಿನ ಲೆಕ್ಕವೇ ಉತ್ತರ ಕೊಡುತ್ತದೆ. ಆ ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ವಾಹನಗಳು ಕಾಡುಪ್ರಾಣಿಗಳಿಗೆ ಡಿಕ್ಕಿ ಹೊಡೆಯುತ್ತವೆ. ಸುಮಾರು 200 ಜನ ಸಾಯುತ್ತಾರೆ, ಗಾಯಗೊಳ್ಳುವವರು ಸಾವಿರಾರು. ನಷ್ಟ 800 ಕೋಟಿ ಡಾಲರ್‌ಗೂ ಹೆಚ್ಚು. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಪ್ರಾಣಿಪಥಗಳಿಗೆಂದೇ ಐದು ವರ್ಷಕ್ಕೆ 35 ಕೋಟಿ ಡಾಲರ್ ಎತ್ತಿಟ್ಟದ್ದು ಇದೇ ಕಾರಣಕ್ಕೆ.

ಇಂಥ ಸೇತುವೆಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ? ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಇದಕ್ಕೆ ದಶಕಗಳ ಪುರಾವೆ ಇದೆ. ಟ್ರಾನ್ಸ್-ಕೆನಡಾ ಹೆದ್ದಾರಿಗೆ ಅಲ್ಲಿ ಆರು ಮೇಲ್ಸೇತುವೆ, 38 ಅಂಡರ್‌ಪಾಸ್‌ಗಳಿವೆ. ರಸ್ತೆಯುದ್ದಕ್ಕೂ ಆಳೆತ್ತರ ಮೀರಿದ ಬೇಲಿ ಪ್ರಾಣಿಗಳನ್ನು ಈ ದಾರಿಗಳತ್ತ ತಿರುಗಿಸುತ್ತದೆ. ಬೇಲಿಯಿಲ್ಲದ ಸೇತುವೆ ಅರ್ಧ ಕೆಲಸ. ಬ್ಯಾನ್ಫ್‌ನಲ್ಲಿ ಡಿಕ್ಕಿಗಳು ಶೇ 80ಕ್ಕೂ ಹೆಚ್ಚು ಇಳಿದವು, ಎಲ್ಕ್ ಮತ್ತು ಜಿಂಕೆಗಳ ಮಟ್ಟಿಗೆ ಶೇ 96ರಷ್ಟು. ಅಲ್ಲಿನ ಇನ್ನೊಂದು ಪಾಠ, ಪ್ರಾಣಿಗಳ ಅಭಿರುಚಿ ಒಂದೇ ಅಲ್ಲ. ಗ್ರಿಜ್ಲಿ ಕರಡಿ, ಎಲ್ಕ್‌ಗಳಿಗೆ ಬಯಲಿನಂಥ ಅಗಲ ಸೇತುವೆ ಇಷ್ಟ, ಪೂಮಾ ಮತ್ತು ಕಪ್ಪು ಕರಡಿಗಳಿಗೆ ಇಕ್ಕಟ್ಟಾದ, ನೆರಳಿನ ಅಂಡರ್‌ಪಾಸ್. ಹೊಸ ದಾರಿಗೆ ಒಗ್ಗಿಕೊಳ್ಳಲು ಕೆಲವು ಪ್ರಾಣಿಗಳಿಗೆ ಐದು ವರ್ಷದವರೆಗೂ ಬೇಕಾಯಿತು. ಮೊದಲ ವರ್ಷ ಯಾವುದೂ ದಾಟಲಿಲ್ಲ ಎಂದು ದುಡ್ಡು ದಂಡ ಎನ್ನುವವರು ಇದನ್ನು ನೆನಪಿಡಬೇಕು.

ಭಾರತದ ಉತ್ತಮ ಉದಾಹರಣೆ ನಾಗಪುರದ ಉತ್ತರಕ್ಕಿರುವ ಪೆಂಚ್ ಕಾಡು. ಇದರ ನಡುವೆ ರಾಷ್ಟ್ರೀಯ ಹೆದ್ದಾರಿ 44ರ ಅಗಲೀಕರಣ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಎಳೆದಾಡಿದ ಮೇಲೆ, ಮಹಾರಾಷ್ಟ್ರದ ಭಾಗದಲ್ಲಿ ರಸ್ತೆಯಡಿ ಒಂಬತ್ತು ಪ್ರಾಣಿಪಥಗಳು ತಯಾರಾದವು. ಅವುಗಳಲ್ಲಿ ದೊಡ್ಡದು 750 ಮೀಟರ್ ಅಗಲ. ಭಾರತೀಯ ವನ್ಯಜೀವಿ ಸಂಸ್ಥೆ 2019ರಲ್ಲಿ ಕೆಳಗೆ ಕ್ಯಾಮೆರಾ ಇಟ್ಟಾಗ 18 ಜಾತಿಯ ಪ್ರಾಣಿಗಳು ಸೆರೆಯಾದವು. 11 ಹುಲಿಗಳು ಒಟ್ಟು 89 ಸಲ ಆ ದಾರಿ ಬಳಸಿದ್ದವು. ಮೇಲೆ ಲಾರಿಗಳು ಓಡುತ್ತಿರುವಾಗ ಕೆಳಗೆ ಹುಲಿ ದಾಟುತ್ತದೆ ಎಂಬುದು ಊಹೆಯಲ್ಲ, ಫೋಟೊ ಸಹಿತ ದಾಖಲೆ. ಆದರೆ ಅಲ್ಲಿ ಪ್ರಾಣಿಗೆ ದಾರಿ ಸಿಕ್ಕಿದ್ದು ವ್ಯಾಜ್ಯದಿಂದ. ಪ್ರತಿ ಕಾಡಿಗೂ ಅಷ್ಟು ಹಟ ಹಿಡಿದು ಹೋರಾಡುವವರು ಎಲ್ಲಿಂದ ಬರಬೇಕು?

ಕರ್ನಾಟಕದ ದಾರಿ ಬೇರೆ. ಬಂಡೀಪುರದ ಮೂಲಕ ಕೇರಳ ಮತ್ತು ಊಟಿಯ ಕಡೆ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ತಡೆ ಬಿತ್ತು. ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಕೆಲವು ಬಸ್ಸು, ತುರ್ತು ವಾಹನಗಳಿಗಷ್ಟೇ ವಿನಾಯಿತಿ. 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎತ್ತರಿಸಿದ ರಸ್ತೆ ಕಟ್ಟಿ ತಡೆ ತೆಗೆಯುವ ಪ್ರಸ್ತಾಪ ತಂದಾಗ ಪರಿಸರಾಸಕ್ತರು ಬಲವಾಗಿ ವಿರೋಧಿಸಿದರು. ಆ ವಿರೋಧ ಸರಿಯಾಗಿಯೇ ಇತ್ತು. ಹುಲಿ ಮೀಸಲಿನ ಒಡಲಲ್ಲಿ ವರ್ಷಗಟ್ಟಲೆ ಕಂಬ ನೆಟ್ಟು ಕಾಂಕ್ರೀಟ್ ಸುರಿಯುವುದಕ್ಕಿಂತ ರಾತ್ರಿ ಒಂಬತ್ತಕ್ಕೆ ಗೇಟು ಹಾಕುವುದು ಪ್ರಾಣಿಗೆ ಎಷ್ಟೋ ಮೇಲು. ಪ್ರಾಣಿಸೇತುವೆ ಹೊಸ ಹೆದ್ದಾರಿಗೆ ರಹದಾರಿ ಪತ್ರ ಆಗಬಾರದು. ರಸ್ತೆ ಬೇಕೇ ಎಂಬ ಪ್ರಶ್ನೆ ಮೊದಲು, ಪ್ರಾಣಿಪಥ ಎಲ್ಲಿ ಎಂಬುದು ಆಮೇಲೆ.

ಭಾರತದಲ್ಲಿ ಕಾನೂನೇ ಇಲ್ಲವೆಂದಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹುಲಿ ಮೀಸಲು ಮತ್ತು ಅವನ್ನು ಬೆಸೆಯುವ ಪ್ರದೇಶಗಳಲ್ಲಿ ಇಂಥ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ರಸ್ತೆ, ರೈಲುಗಳಿಗೆ ಪ್ರಾಣಿಪಥ ಹೇಗಿರಬೇಕೆಂದು ವನ್ಯಜೀವಿ ಸಂಸ್ಥೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೇಂದ್ರ ಪರಿಸರ ಸಚಿವಾಲಯದ 2023ರ ವರದಿ ದೇಶದ 15 ರಾಜ್ಯಗಳಲ್ಲಿ 150 ಆನೆ ಕಾರಿಡಾರ್‌ಗಳನ್ನು ಗುರುತಿಸಿದೆ. ಅಂದರೆ ಕ್ಯಾಲಿಫೋರ್ನಿಯಾ ತನ್ನ ಇಲಾಖೆಗಳಿಂದ ಬರೆಸಿದಂಥ ಪಟ್ಟಿ ಆನೆಗಳ ಮಟ್ಟಿಗೆ ಇಲ್ಲಿ ಆಗಲೇ ಸಿದ್ಧವಿದೆ. ಆ 150ರಲ್ಲಿ ಯಾವುದನ್ನು ಸೀಳಿ ರಸ್ತೆ ಹೊರಟರೂ ದಾರಿ ಬಿಟ್ಟೇ ಕಟ್ಟಬೇಕು, ಅದರ ಹಣವನ್ನು ಮೊದಲ ಅಂದಾಜುಪಟ್ಟಿಯಲ್ಲೇ ತೋರಿಸಬೇಕು ಎನ್ನುವ ಪ್ರತ್ಯೇಕ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ.