‘ರುಕೋ’ ಎಂದು ಕೂಗಿದ ಬೆಳಗು

2008ರ ಡಿಸೆಂಬರ್‌ನ ಒಂದು ನಸುಕಿನಲ್ಲಿ, ಮಣಿಪುರದ ಲೋಕ್ತಕ್ ಸರೋವರದ ದಂಡೆಯಲ್ಲಿ, ನಾನೊಬ್ಬ ಮನುಷ್ಯನ ಬೆನ್ನಿಗೆ ರೈಫಲ್ ಗುರಿ ಹಿಡಿದು ನಿಂತಿದ್ದೆ. ದಟ್ಟ ಮಂಜು. ಕೊಯ್ಲಾದ ಭತ್ತದ ಗದ್ದೆಯ ಬದುವಿನ ಮೇಲೆ ಅವನು ಬಾಗಿಕೊಂಡು ಓಡುತ್ತಿದ್ದ. ಹೆಗಲ ಮೇಲೆ ಉದ್ದನೆಯದೇನೋ ಇತ್ತು. ಬಂದೂಕುಧಾರಿಗಳು ಆ ಸುತ್ತಿನಲ್ಲಿ ತಂಗಿದ್ದಾರೆಂಬ ಸುದ್ದಿ ಹಿಂದಿನ ರಾತ್ರಿಯೇ ಬಂದಿತ್ತು. “ರುಕೋ” ಎಂದು ಎರಡು ಸಲ ಕೂಗಿದೆ. ಅವನು ನಿಲ್ಲಲಿಲ್ಲ. ಮೂರನೆಯ ಸಲ ಕೂಗುವ ಮೊದಲೇ ನನ್ನ ಬೆರಳು ಟ್ರಿಗರ್ ಮೇಲಿತ್ತು. ಅಷ್ಟರಲ್ಲಿ ಅವನು ಎಡವಿ ಬಿದ್ದ.

ಹತ್ತಿರ ಹೋಗಿ ನೋಡಿದರೆ ಅರವತ್ತು ದಾಟಿದ ಮೀನುಗಾರ. ಹೆಗಲ ಮೇಲಿದ್ದದ್ದು ದೋಣಿಯ ಹುಟ್ಟು. ಊರಿನ ಕಡೆಯಿಂದ ವಿದ್ಯುತ್ ಕಂಬಕ್ಕೆ ಕಲ್ಲಿನಿಂದ ಬಡಿಯುವ ಸದ್ದು ಶುರುವಾಗಿತ್ತು. ಸೈನಿಕರು ಊರು ಹೊಕ್ಕರೆ ಅಲ್ಲಿಯ ಹೆಂಗಸರು ಹಾಗೆಯೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಾರೆ. ಐದಾರು ಜನ ಓಡಿಬಂದರು. ಅವರಲ್ಲೊಬ್ಬಳು ಮುದುಕಿ ಅವನನ್ನು ಎಬ್ಬಿಸಿ, ಪಂಚೆಯ ಕೆಸರು ಒರೆಸಿ, ನನ್ನ ಕಡೆ ತಿರುಗಿಯೂ ನೋಡದೆ ಕರೆದುಕೊಂಡು ಹೋದಳು. ನಾನು ಒಳ್ಳೆಯವನೆಂದು ಅವನು ಉಳಿಯಲಿಲ್ಲ, ಎಡವಿದ್ದರಿಂದ ಉಳಿದ. ಇದನ್ನು ಮರೆಯಲು ನನಗೆ ಆಗಿಲ್ಲ.

ಹೋದ ವರ್ಷ, ಗೋಕಾಕ ಸೀಮೆಯ ನಮ್ಮೂರಿನಲ್ಲಿ ಬಿಳಿಜೋಳದ ರಾಶಿ ಮುಗಿಸಿ ಕೂತಿದ್ದಾಗ, ಬೆಳಗಾವಿಯಲ್ಲಿ ವಕೀಲಿ ಓದುತ್ತಿರುವ ಅಣ್ಣನ ಮಗಳಿಗೆ ಮೊದಲ ಬಾರಿ ಈ ಮಾತು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಕಾಕಾ, ರುಕೋ ಅಂದ್ರ ಏನಂತ ಆ ಮುದುಕಗ ಗೊತ್ತಿತ್ತೇನು?”

ಗುರಿ ಹಿಡಿದು ನಿಂತ ಆ ಹೊತ್ತಿನಲ್ಲಿ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಗುಂಡು ಹಾರಿಸುವ ಅಧಿಕಾರವನ್ನು ನನ್ನ ಕೈಗೆ ಕೊಟ್ಟದ್ದು 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ. ಪತ್ರಿಕೆಗಳು ‘ಅಫ್‌ಸ್ಪ’ ಎನ್ನುತ್ತವೆ. ಒಂದು ಸೀಮೆಯನ್ನು ಕೇಂದ್ರ ಸರ್ಕಾರ ಅಥವಾ ರಾಜ್ಯಪಾಲರು ‘ಪ್ರಕ್ಷುಬ್ಧ ಪ್ರದೇಶ’ ಎಂದು ಘೋಷಿಸಿದರೆ ಅಲ್ಲಿ ಅದು ನಡೆಯುತ್ತದೆ. ಐದು ಜನ ಸೇರಬಾರದು, ಆಯುಧ ಒಯ್ಯಬಾರದು ಎಂಬ ಆಜ್ಞೆ ಮೀರಿದವರ ಮೇಲೆ ಪ್ರಾಣ ಹೋಗುವಷ್ಟು ಬಲ ಬಳಸಲು ನಾಲ್ಕನೇ ಕಲಂ ಅವಕಾಶ ಕೊಡುತ್ತದೆ. ವಾರಂಟ್ ಇಲ್ಲದೆ ಹಿಡಿಯಬಹುದು, ಮನೆ ಹೊಕ್ಕು ಹುಡುಕಬಹುದು. ಗುಂಡು ಹಾರಿಸುವ ಮೊದಲು ಎಚ್ಚರಿಕೆ ಕೊಡಬೇಕು, ಆದರೆ ಅದು ಗುಂಡು ಹಾರಿಸುವವನಿಗೆ ಅಗತ್ಯವೆಂದು ತೋರಿದಷ್ಟು. ಯಾವ ಭಾಷೆಯಲ್ಲಿ ಎಂದು ಕಾಯ್ದೆ ಹೇಳುವುದಿಲ್ಲ.

ಇದರ ಬೇರು 1942ರ ಆಗಸ್ಟ್‌ನಲ್ಲಿದೆ. ಕ್ವಿಟ್ ಇಂಡಿಯಾ ಚಳವಳಿಯನ್ನು ಹತ್ತಿಕ್ಕಲು ವೈಸರಾಯ್ ಲಿನ್‌ಲಿತ್‌ಗೋ ಇಂಥದ್ದೇ ಸುಗ್ರೀವಾಜ್ಞೆ ತಂದಿದ್ದ. ಅದರಲ್ಲಿ ಕ್ಯಾಪ್ಟನ್‌ಗಿಂತ ಕೆಳಗಿನವರಿಗೆ ಈ ಅಧಿಕಾರ ಇರಲಿಲ್ಲ. ಸ್ವತಂತ್ರ ಭಾರತದ ಸಂಸತ್ತು ಅದನ್ನು ಹವಾಲ್ದಾರನಂಥವರಿಗೂ ಕೊಟ್ಟಿತು. ಮಣಿಪುರದ ಸಂಸದ ಲೈಶ್ರಾಮ್ ಅಚೌ ಸಿಂಗ್ ಆಗಲೇ ಲೋಕಸಭೆಯಲ್ಲಿ ವಿರೋಧಿಸಿದ್ದರು. ಮಣಿಪುರದಲ್ಲಿದ್ದಾಗ ನಾನು ಹವಾಲ್ದಾರ. ಹತ್ತು ಹುಡುಗರ ಸೆಕ್ಷನ್‌ಗೆ ಮುಖ್ಯಸ್ಥ. ಪಿಯುಸಿ ಓದಿದವನು.

ಕಾಯ್ದೆ ಬೇಡವೇ ಬೇಡ ಎನ್ನುವವರಿಗೆ ನಾನು ಹೇಳುವುದೂ ಇದೆ. ಸೈನಿಕ ಪೊಲೀಸನಲ್ಲ. ಸಾಧಾರಣ ಕಾನೂನಿನಲ್ಲಿ ಮ್ಯಾಜಿಸ್ಟ್ರೇಟರು ಕರೆದಾಗ ಗುಂಪು ಚದುರಿಸಲು ಅವನು ಬರುತ್ತಾನೆ. ಕಾಡಿನ ತಿರುವಿನಲ್ಲಿ ಹೊಂಚಿಗೆ ಸಿಕ್ಕಾಗ ಯಾವ ಮ್ಯಾಜಿಸ್ಟ್ರೇಟರೂ ಪಕ್ಕದಲ್ಲಿರುವುದಿಲ್ಲ. 2015ರ ಜೂನ್ 4ರಂದು ಚಂದೇಲ್ ಜಿಲ್ಲೆಯಲ್ಲಿ ಒಂದೇ ದಾಳಿಗೆ 18 ಸೈನಿಕರು ಸತ್ತರು. ಇಂಥ ಕಡೆಗೆ ಹುಡುಗರನ್ನು ಕಳಿಸುವ ದೇಶ ಅವರ ಬೆನ್ನಿಗೆ ಕಾನೂನನ್ನೂ ಕೊಡಲೇಬೇಕು.

ನನ್ನ ತಕರಾರು ಇರುವುದು ಗುಂಡು ಹಾರಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ. ಹಿಡಿದವರನ್ನು ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕೆಂದು ಐದನೇ ಕಲಂ ಹೇಳುತ್ತದೆ. 2004ರ ಜುಲೈ 10ರ ರಾತ್ರಿ ಇಂಫಾಲದ ಬಳಿ ತಂಗ್ಜಮ್ ಮನೋರಮಾ ಎಂಬ ಯುವತಿಯನ್ನು ಸಶಸ್ತ್ರ ಪಡೆಯವರು ಬಂಧನದ ಚೀಟಿ ಕೊಟ್ಟೇ ಮನೆಯಿಂದ ಕರೆದೊಯ್ದರು. ಬೆಳಗಾದಾಗ ಅವಳ ಶವ ಸಿಕ್ಕಿತು. ನಾಲ್ಕು ದಿನದ ನಂತರ ಹನ್ನೆರಡು ತಾಯಂದಿರು ಕಾಂಗ್ಲಾ ಕೋಟೆಯ ಬಾಗಿಲಲ್ಲಿ ಬೆತ್ತಲಾಗಿ ನಿಂತರು. ನಮ್ಮ ಸಮವಸ್ತ್ರದ ಕಡೆಗೆ ಕೂಗಿದ ಆ ತಾಯಂದಿರ ಚಿತ್ರ ನೋಡಿದಾಗಲೆಲ್ಲ ನನ್ನ ತಲೆ ತಗ್ಗುತ್ತದೆ. ಆಮೇಲೆ ರಚನೆಯಾದ ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ, ಕಾಯ್ದೆಯನ್ನು ರದ್ದು ಮಾಡಿ, ಜನರ ದೂರು ಕೇಳಲು ಜಿಲ್ಲೆಗೊಂದು ಘಟಕ ಇರಲಿ ಎಂದು 2005ರಲ್ಲಿ ಬರೆದುಕೊಟ್ಟಿತು. ಅದು ಕಡತದಲ್ಲೇ ಉಳಿಯಿತು.

ಆರನೇ ಕಲಂ ಇನ್ನೂ ಗಟ್ಟಿ. ಕೇಂದ್ರ ಸರ್ಕಾರ ಮೊದಲೇ ಮಂಜೂರಾತಿ ಕೊಡದೆ ಸೈನಿಕನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಸುಳ್ಳು ಕೇಸಿನಿಂದ ಕಾಪಾಡಲೆಂದು ಇಟ್ಟ ಬೇಲಿ ಅದು. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ, ಕಲ್ಲಿದ್ದಲು ಗಣಿಯಿಂದ ಪಿಕಪ್ ವ್ಯಾನಿನಲ್ಲಿ ಮನೆಗೆ ಹೊರಟಿದ್ದ ಕೂಲಿಗಳಲ್ಲಿ ಆರು ಜನ ಸೇನೆಯ ವಿಶೇಷ ಪಡೆಯ ಗುಂಡಿಗೆ ಸತ್ತರು. ಆಮೇಲಿನ ಘರ್ಷಣೆಯಲ್ಲಿ ಇನ್ನಷ್ಟು ಜನ, ಒಬ್ಬ ಸೈನಿಕನೂ ಸತ್ತರು. ವಾಹನ ನಿಲ್ಲಿಸಲು ಸೂಚನೆ ಕೊಟ್ಟಿದ್ದರು ಎಂದು ಗೃಹಸಚಿವರು ಸಂಸತ್ತಿನಲ್ಲಿ ಹೇಳಿದರೆ, ಬದುಕುಳಿದವನೊಬ್ಬ ಇಲ್ಲವೆಂದ. ನನ್ನ ‘ರುಕೋ’ ನೆನಪಾಯಿತು. ರಾಜ್ಯದ ಪೊಲೀಸರು 30 ಸೈನಿಕರ ಮೇಲೆ ಆರೋಪಪಟ್ಟಿ ಸಲ್ಲಿಸಿದರು. ಕೇಂದ್ರ ಮಂಜೂರಾತಿ ಕೊಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಮುಚ್ಚಿತು, ಮುಂದೆ ಮಂಜೂರಾತಿ ಸಿಕ್ಕರೆ ನಡೆಸಬಹುದು ಎಂದಿತು. ಆ ಮೂವತ್ತು ಜನರಲ್ಲಿ ತಪ್ಪಿತಸ್ಥರು ಯಾರು, ನಿರಪರಾಧಿಗಳು ಯಾರು ಎಂದು ತೆರೆದ ಕೋರ್ಟಿನಲ್ಲಿ ತಿಳಿಯಲೇ ಇಲ್ಲ. ನಿರಪರಾಧಿಯೂ ಆ ಸಂಶಯ ಹೊತ್ತೇ ನಿವೃತ್ತನಾಗಬೇಕು.

ನಮ್ಮ ನಾಡಿನವರೂ ಈ ಕಥೆಯಲ್ಲಿದ್ದಾರೆ. ಮಣಿಪುರದಲ್ಲಿ 1979ರಿಂದ 2012ರವರೆಗೆ 1,528 ಅನ್ಯಾಯದ ಸಾವುಗಳಾಗಿವೆ ಎಂದು ಸತ್ತವರ ಮನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಆರು ಪ್ರಕರಣ ಪರಿಶೀಲಿಸಲು 2013ರಲ್ಲಿ ಕೋರ್ಟು ಆಯೋಗ ನೇಮಿಸಿತು. ಅಧ್ಯಕ್ಷರು ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ, ನಮ್ಮ ಮಾಜಿ ಲೋಕಾಯುಕ್ತರು. ಸದಸ್ಯರಲ್ಲೊಬ್ಬರು ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್. ಆರಕ್ಕೆ ಆರೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದಿತು ವರದಿ. ಸತ್ತವರಲ್ಲಿ ಹನ್ನೆರಡು ವರ್ಷದ ಬಾಲಕನೂ ಇದ್ದ. ಈ ಸಾವುಗಳಲ್ಲಿ ಪೊಲೀಸ್ ಕಮಾಂಡೊಗಳ ಪಾಲೂ ಇತ್ತು, ಎಲ್ಲವೂ ಸೇನೆಯದಲ್ಲ. ಆದರೂ ಓದುವಾಗ ನನ್ನನ್ನು ಬೆಚ್ಚಿಬೀಳಿಸಿದ್ದು ನನ್ನದೇ ಪ್ರಶ್ನೆ: ಆ ಮೀನುಗಾರ ಎಡವದೆ ಇದ್ದಿದ್ದರೆ? ‘ಎಚ್ಚರಿಕೆ ಕೊಟ್ಟರೂ ಓಡಿದ ಶಂಕಿತ’ ಎಂದು ವರದಿ ಬರೆಯುತ್ತಿದ್ದವನು ನಾನೇ.

2016ರ ಜುಲೈ 8ರಂದು ಕೋರ್ಟು, ಪ್ರಕ್ಷುಬ್ಧ ಪ್ರದೇಶದಲ್ಲೂ ಅತಿಯಾದ ಬಲ ಬಳಸಿದವರಿಗೆ ಸಂಪೂರ್ಣ ರಕ್ಷಣೆ ಇಲ್ಲ ಎಂದು ಹೇಳಿತು. 1997ರಲ್ಲೇ ಐವರು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಎತ್ತಿಹಿಡಿಯುತ್ತ, ಕನಿಷ್ಠ ಬಲ ಸಾಕು, ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕು, ಮಾಡಬೇಕಾದ್ದು ಮಾಡಬಾರದ್ದರ ಸೇನೆಯ ಪಟ್ಟಿಯನ್ನು ಪಾಲಿಸಲೇಬೇಕು ಎಂದಿತ್ತು. ಆ ಪಟ್ಟಿಯ ಚೀಟಿ ನಮ್ಮ ಜೇಬಿನಲ್ಲೂ ಇರುತ್ತಿತ್ತು. ನಾನು ಕೇಳುವುದು ಇಷ್ಟೇ: ಸೈನಿಕನ ಗುಂಡಿಗೆ ಊರವನೊಬ್ಬ ಸತ್ತರೆ ಮಂಜೂರಾತಿ ಕೊಡುತ್ತೇವೋ ಇಲ್ಲವೋ ಎಂದು ಮೂರು ತಿಂಗಳೊಳಗೆ, ಕಾರಣ ಬರೆದು, ಸತ್ತವನ ಮನೆಯವರಿಗೆ ತಿಳಿಸಲಿ. ಅದನ್ನು ಪ್ರಶ್ನಿಸುವ ದಾರಿಯೂ ಅವರಿಗಿರಲಿ.

ಅಣ್ಣನ ಮಗಳಿಗೆ ಅಂದು ಉತ್ತರ ಹೇಳಿದೆ: “ಇಲ್ಲವ್ವ, ಅವಗ ಹಿಂದಿ ಬರತಿರಲಿಲ್ಲ. ನನಗ ಅವನ ಭಾಷಾ ಬರತಿರಲಿಲ್ಲ.” ಆ ಬೆಳಗಿನ ಮಾರನೆಯ ದಿನ ಕ್ಯಾಂಪಿನ ಎದುರಿನ ಚಹಾ ಅಂಗಡಿಯ ಹುಡುಗನನ್ನು ಕೇಳಿ ಒಂದು ಮೈತೈ ಶಬ್ದ ಕಲಿತಿದ್ದೆ. ನಿಲ್ಲು ಎನ್ನುವುದಕ್ಕೆ ‘ಲೆಪ್ಪು’. ಜೇಬಿನ ಚೀಟಿಯ ಹಿಂಬದಿಗೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಸೆಕ್ಷನ್ನಿನ ಹತ್ತೂ ಹುಡುಗರಿಂದ ಜೋರಾಗಿ ಹೇಳಿಸಿದೆ.